ಜೀನ್ಸ್ ಬೆರಳು

ಆ ಸೋಮವಾರ ಶಿರಿಷಾಗೆ ಕೇಳಲು ಹಿರಿಯ ಡಾಕ್ಟರು ಇರಲಿಲ್ಲ. ಆಂಧ್ರದ ಗಡಿಯೂರು ರಾಯದುರ್ಗದ ಆ ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಯ ಮಾಲೀಕರೇ ಅಲ್ಲಿನ ಹಿರಿಯ ಡಾಕ್ಟರು. ಮಗಳ ಕಾಲೇಜು ಕೌನ್ಸೆಲಿಂಗಿಗೆಂದು ಅವರು ವಿಜಯವಾಡಕ್ಕೆ ಹೋಗಿದ್ದರು. ಕ್ಯಾಶುವಾಲ್ಟಿಯಲ್ಲಿ ಉಳಿದವರು ಇಬ್ಬರು. ಇಪ್ಪತ್ತಾರು ವರ್ಷದ ಡಾಕ್ಟರ್ ಶಿರಿಷಾ, ಮಡಕಶಿರದ ಹತ್ತಿರ ರೊಳ್ಳದವಳು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಇನ್ನೊಬ್ಬರು ನರ್ಸ್ ಚಂದ್ರಕಲಾ, ಹದಿನೆಂಟು ವರ್ಷದಿಂದ ಅಲ್ಲೇ ಇದ್ದವರು.

ಒಂಬತ್ತೂ ಇಪ್ಪತ್ತಕ್ಕೆ ಸಣ್ಣಕ್ಕ ಬಂದಳು. ನಲವತ್ತೇಳು ವರ್ಷ. ಜೀನ್ಸ್ ಹೊಲಿಯುವ ಒಂದು ಹಾಲಿನಲ್ಲಿ ದಾರ ಕತ್ತರಿಸುವ ಕೆಲಸ. ಡಿ. ಹಿರೇಹಾಳಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ತಲೆನೋವು, ತಲೆಸುತ್ತು, ಬೆಳಿಗ್ಗೆ ಒಂದು ಸಲ ವಾಂತಿ. ತಾನೇ ನಡೆದು ಬಂದಿದ್ದಳು, ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದಳು, ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟಳು.

‘ಏನಮ್ಮ, ಯಾವತ್ತಿಂದ ಐತೆ ಇದು?’ ಶಿರಿಷಾ ಕೇಳಿದಳು.

‘ನಿನ್ನಿ ಸಂಜಿಯಿಂದ್ರಿ.’ ಸಣ್ಣಕ್ಕ ಚಂದ್ರಕಲಾಳ ಕಡೆ ತಿರುಗಿದಳು. ‘ಈಯಮ್ಮ ಯಾ ಊರಾಕಿ? ಮಾತು ಬ್ಯಾರೆ ಐತಲ್ಲ.’

‘ಮಡಕಶಿರ ಕಡೇರು. ತುಮಕೂರು ಮಾತು ಕಲ್ತು ಬಂದಾರ,’ ಎಂದರು ಚಂದ್ರಕಲಾ, ಬಿ.ಪಿ. ಪಟ್ಟಿ ಸುತ್ತುತ್ತ.

‘ಮದುವಿ ಆಗೇತೇನ್ರಿ ಡಾಕ್ಟ್ರಮ್ಮ?’

‘ಇಲ್ಲ. ನಾಲಿಗೆ ಚಾಚಿ.’

‘ಅದಕ್ಕ ಇಷ್ಟು ಬಿಗಿ ಮುಖ,’ ಎಂದು ಸಣ್ಣಕ್ಕ ನಾಲಿಗೆ ಚಾಚಿದಳು.

ನಾಲಿಗೆ, ತುಟಿ ಎರಡೂ ಎಲೆಅಡಿಕೆ ಹಾಕಿ ಹಾಕಿ ಕಪ್ಪಾಗಿದ್ದವು. ಬಿ.ಪಿ. ಸರಿಯಿತ್ತು. ಸಕ್ಕರೆ ಸರಿಯಿತ್ತು. ಎದೆಯ ಸದ್ದು ಶುದ್ಧವಾಗಿತ್ತು. ಇ.ಸಿ.ಜಿ.ಯಲ್ಲಿ ಎದೆಬಡಿತದ ಓಟ ಸ್ವಲ್ಪ ಜಾಸ್ತಿ, ಬೇರೇನೂ ಇಲ್ಲ. ಚಂದ್ರಕಲಾ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದರು. ಎಂಬತ್ತಾರು ಬಂತು. ಕೇಸ್ ಶೀಟಿನಲ್ಲಿ 86 ಎಂದು ಬರೆದು, ಪಕ್ಕದಲ್ಲಿ ಒಂದು ‘ಜೆ’ ಹಾಕಿದರು.

‘ಎಂಬತ್ತಾರು?’ ಎಂದಳು ಶಿರಿಷಾ.

‘ಜೀನ್ಸ್ ರೀ.’

ಅದು ಆ ಆಸ್ಪತ್ರೆಯ ಪದ್ಧತಿ. ಊರಿನಲ್ಲಿ ಮನೆಗೊಂದು ಮೆಷಿನ್. ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆ. ಹೊಲಿಯುವವರ ಉಗುರು, ಬೆರಳ ತುದಿ ವರ್ಷವಿಡೀ ನೀಲಿ. ಸ್ಪಿರಿಟ್ ಹಚ್ಚಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಕ್ಲಿಪ್ಪಿನ ಬೆಳಕು ಆ ಉಗುರನ್ನು ದಾಟುವಾಗ ಲೆಕ್ಕ ತಪ್ಪುತ್ತದೆ, ತೊಂಬತ್ತೆಂಟು ಇರಬೇಕಾದಲ್ಲಿ ತೊಂಬತ್ತು, ಎಂಬತ್ತೆಂಟು ತೋರಿಸುತ್ತದೆ. ಹಾಗಾಗಿ ಟೇಲರುಗಳ ಅಂಕಿಯ ಪಕ್ಕ ‘ಜೆ’ ಬರೆಯುವುದು, ಆಮೇಲೆ ಆ ಅಂಕಿಯನ್ನು ಯಾರೂ ನೋಡದಿರುವುದು. ಕಾಲಿನ ಬೆರಳಿಗೆ ಹಾಕಬಹುದಿತ್ತು. ಬೆಳಿಗ್ಗೆಯ ಸಾಲು ಉದ್ದ ಇರುತ್ತದೆ, ಕಾಲಲ್ಲಿ ಮಣ್ಣಿರುತ್ತದೆ. ಯಾರೂ ಹಾಕುತ್ತಿರಲಿಲ್ಲ.

ಸೇರಿದ ಮೊದಲ ವಾರ ಶಿರಿಷಾ ಈ ಅಂಕಿ ನೋಡಿ ಒಬ್ಬ ಟೇಲರಿಗೆ ಆಕ್ಸಿಜನ್ ಹಾಕಿ ಅನಂತಪುರಕ್ಕೆ ಕಳಿಸಿದ್ದಳು. ಅಲ್ಲಿ ಕಿವಿಗೆ ಕ್ಲಿಪ್ ಹಾಕಿ ನೋಡಿದರು, ತೊಂಬತ್ತೊಂಬತ್ತು ಬಂತು. ಆ ಟೇಲರ್ ಹೋಗಿ ಬರಲು ಒಂದು ದಿನ ಹಾಳಾಗಿತ್ತು. ಹಿರಿಯ ಡಾಕ್ಟರು ಎಲ್ಲರ ಎದುರಿಗೆ, ‘ಏನಮ್ಮಾ, ಪ್ಯಾಂಟಿಗೆ ಸಿ.ಟಿ. ಸ್ಕ್ಯಾನ್ ಮಾಡಿಸ್ತೀಯ?’ ಎಂದು ಕೇಳಿದ್ದರು. ಅಂದಿನಿಂದ ಅವಳೂ ‘ಜೆ’ ಒಪ್ಪಿಕೊಂಡಳು.

‘ಬೆಳಿಗ್ಗೆ ಏನು ತಿಂದ್ರಿ?’

‘ಸೋಮವಾರ ರೀ. ಒಪ್ಪತ್ತು.’

‘ಖಾಲಿ ಹೊಟ್ಟೆ, ಮೇಲೆ ಎಲೆಅಡಿಕೆ. ತಲೆ ಸುತ್ತದೆ ಇರುತ್ತಾ?’

ಗ್ಯಾಸಿನ ಇಂಜೆಕ್ಷನ್, ಎರಡು ಪ್ಯಾಕೆಟ್ ಓಆರ್‌ಎಸ್. ಏನೂ ಇಲ್ಲ, ಮನೆಗೆ ಹೋಗಿ ಮಲಗಿ ಎಂದಳು ಶಿರಿಷಾ. ಏಳುವಾಗ ಸಣ್ಣಕ್ಕ ಮೇಜು ಹಿಡಿದುಕೊಂಡಳು. ಅದನ್ನು ಶಿರಿಷಾ ನೋಡಿದಳು. ಹಿಂದೆ ಇನ್ನೂ ಹದಿನಾಲ್ಕು ಜನ ಇದ್ದರು.

ಹನ್ನೆರಡೂ ಐವತ್ತಕ್ಕೆ ಬನಶಂಕರಿ ಬಂದಳು. ಅವಳು ನಡೆದು ಬರಲಿಲ್ಲ. ಆಟೋದಿಂದ ಚೌಡೇಶ್ ಎಂಬಾತ ಎತ್ತಿಕೊಂಡು ಬಂದ. ಜೀನ್ಸ್ ಜಾಬ್ ವರ್ಕ್ ಹಿಡಿದು ಐದು ಜನರ ಕೈಲಿ ಮಾಡಿಸುವವನು. ಬನಶಂಕರಿ ಅವನ ಹಾಲಿನ ಟೇಲರ್, ಮೂವತ್ತೊಂದು ವರ್ಷ. ಮೆಷಿನ್ ಮೇಲೆಯೇ ಬಿದ್ದಳಂತೆ.

‘ಉಂಡಿಲ್ಲೇನು ಇವಳೂ?’ ಚಂದ್ರಕಲಾ ಕೇಳಿದರು.

‘ಉಂಡಾಳ್ರಿ. ನನ್ನ ಮುಂದೇ ಉಂಡ್ಳು, ಅರ್ಧ ತಾಸಿಲ್ಲ.’

ಬಿ.ಪಿ. ಇಳಿದಿತ್ತು. ಉಸಿರು ನಿಮಿಷಕ್ಕೆ ಮೂವತ್ತು. ಎದೆಯ ಸದ್ದು ಶುದ್ಧ. ಕ್ಲಿಪ್ಪಿನಲ್ಲಿ ಎಂಬತ್ನಾಲ್ಕು. ಚಂದ್ರಕಲಾ ಬರೆದರು, ಪಕ್ಕದಲ್ಲಿ ‘ಜೆ’ ಹಾಕಿದರು. ಕೈ ತಾನಾಗಿ ಹಾಕಿತು.

ಶಿರಿಷಾ ಆಕ್ಸಿಜನ್ ಹಾಕಿಸಿದಳು. ಹತ್ತು ಲೀಟರ್. ಐದು ನಿಮಿಷ ನಿಂತು ನೋಡಿದಳು. ಅಂಕಿ ಎಂಬತ್ನಾಲ್ಕರಿಂದ ಅಲುಗಲಿಲ್ಲ. ಮಾಸ್ಕಿನೊಳಗೆ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಹಲ್ಲು ಬೆಳ್ಳಗಿದ್ದವು, ಬನಶಂಕರಿ ಎಲೆಅಡಿಕೆ ಹಾಕುವವಳಲ್ಲ. ಶಿರಿಷಾ ಕ್ಲಿಪ್ ಕಿತ್ತು ಬೇರೆ ಬೆರಳಿಗೆ ಹಾಕಿದಳು. ಮತ್ತೆ ಬೇರೆ ಬೆರಳಿಗೆ. ಒಂದು ನಿಮಿಷ ಕಾರಿಡಾರಿಗೆ ಹೋಗಿ ಹಿರಿಯ ಡಾಕ್ಟರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ವಾಪಸ್ ಬಂದು ರೋಗಿಯ ಕಾಲಬಳಿ ನಿಂತಳು. ಸೀರೆ ಸರಿಸಿ, ಹತ್ತಿಯಿಂದ ಹೆಬ್ಬೆರಳು ಒರೆಸಿ, ಕ್ಲಿಪ್ ಅಲ್ಲಿಗೆ ಹಾಕಿದಳು.

ಎಂಬತ್ನಾಲ್ಕು.

‘ಸಿಸ್ಟರ್,’ ಎಂದಳು. ‘ಕಾಲಿನ ಬೆರಳಲ್ಲಿ ಜೀನ್ಸ್ ಹೊಲೀತಾರಾ ಈ ಊರಲ್ಲಿ?’

ಚಂದ್ರಕಲಾ ಅಂಕಿ ನೋಡಿದರು.

‘ರಕ್ತ ತೆಗೀರಿ.’

ಸಿರಿಂಜಿನಲ್ಲಿ ಬಂದ ರಕ್ತ ಕೆಂಪಗಿರಲಿಲ್ಲ. ಬೆಲ್ಲದ ಪಾಕ ಹೊತ್ತಿದಂಥ ಬಣ್ಣ. ಶಿರಿಷಾ ಒಂದು ಬಿಳಿ ಗಾಜ್ ತುಂಡಿನ ಮೇಲೆ ಒಂದು ಹನಿ ಹಾಕಿದಳು. ಆಮೇಲೆ ಲ್ಯಾನ್ಸೆಟ್ ತೆಗೆದು ತನ್ನ ಬೆರಳನ್ನೇ ಚುಚ್ಚಿಕೊಂಡಳು.

‘ನಿಮ್ದು ಯಾಕ ತೆಗೀತೀರಿ?’ ಚಂದ್ರಕಲಾಗೆ ಗಾಬರಿ.

‘ಪಕ್ಕದಲ್ಲಿ ಇಟ್ಟು ನೋಡಕೆ.’

ಎರಡು ಹನಿ ಪಕ್ಕಪಕ್ಕ. ಗಾಳಿ ತಾಗಿ ಶಿರಿಷಾಳದ್ದು ಕೆಂಪಾಯಿತು. ಬನಶಂಕರಿಯದ್ದು ಕಂದು ಬಣ್ಣದಲ್ಲೇ ಒಣಗತೊಡಗಿತು. ರಕ್ತ ಇದೆ, ಆದರೆ ಆ ರಕ್ತ ಆಕ್ಸಿಜನ್ ಹೊರುತ್ತಿಲ್ಲ. ಹತ್ತು ಲೀಟರ್ ಅಲ್ಲ, ನೂರು ಲೀಟರ್ ಕೊಟ್ಟರೂ ಹೊರುವುದಿಲ್ಲ.

ಇಂಥ ರಕ್ತ ಅವಳು ನೋಡಿದ್ದಳು. ಅನಂತಪುರದಲ್ಲಿ ಹೌಸ್ ಸರ್ಜನ್ ಆಗಿದ್ದಾಗ, ಕಡಲೆಕಾಯಿ ಗಿಡಕ್ಕೆ ಹೂವು ಹೆಚ್ಚಲೆಂದು ಹೊಡೆಯುವ ಔಷಧಿ ಕುಡಿದವರು ಹೀಗೇ ನೀಲಿಯಾಗಿ ಬರುತ್ತಿದ್ದರು. ಆದರೆ ಅವರ ಜೊತೆ ಬಾಟಲಿಯೂ ಬರುತ್ತಿತ್ತು. ಮನೆಯವರು ಬಾಟಲಿ ಎತ್ತಿ ತೋರಿಸುತ್ತಿದ್ದರು, ರೋಗ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಇಲ್ಲಿ ಬಾಟಲಿ ಇರಲಿಲ್ಲ.

ಬನಶಂಕರಿಯ ಕೈ ಎತ್ತಿ ಮೂಗಿನ ಹತ್ತಿರ ಹಿಡಿದಳು. ಬೂಟ್ ಪಾಲಿಶಿನ ವಾಸನೆ. ರೊಳ್ಳದ ಮನೆಯ ಜಗುಲಿಯಲ್ಲಿ ಅಪ್ಪ ಆ ಹೂವಿನ ಔಷಧಿ ಹೊಡೆದು ಬಂದು ಸ್ಪ್ರೇಯರ್ ತೊಳೆದಿಟ್ಟ ದಿನ ಇದೇ ವಾಸನೆ ಇರುತ್ತಿತ್ತು. ಅಮ್ಮ ಆ ದಿನ ಜಗುಲಿಯಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ.

‘ಏನು ಕುಡಿದಳು ಇವಳು?’ ಚೌಡೇಶನನ್ನು ಕೇಳಿದಳು.

‘ನೀರು ಕುಡಿದಾಳ್ರಿ.’

‘ಸುಳ್ಳು ಹೇಳಬೇಡಿ. ಕೈ ಎಲ್ಲಾ ಬೂಟ್ ಪಾಲಿಶ್ ವಾಸನೆ ಹೊಡೀತೈತೆ.’

ಚೌಡೇಶ್ ತಲೆ ಕೆರೆದುಕೊಂಡ. ‘ಅದಾ? ಅದು ಕಲಿ ತೆಗಿಯೋ ಎಣ್ಣೀರಿ. ಒಂದು ಲಾಟಿಗೆ ಪೂರ್ತಿ ಮೆಷಿನ್ ಎಣ್ಣಿ ಬಿದ್ದುಬಿಟ್ಟಿತ್ತು, ನಾನೂರು ಪೀಸು. ನಾಳೆ ಲಾರಿಗೆ ಹಾಕಬೇಕು. ಪೆಟ್ರೋಲ್‌ಗ ಹೋಗವಲ್ದು. ಬಳ್ಳಾರಿಯಾಗ ಒಬ್ಬ ಲೂಸಾಗಿ ಕೊಟ್ಟ ಕ್ಯಾನು. ಎರಡು ಸಲ ಉಜ್ಜಿದ್ರ ಸಾಕು, ಕಲಿ ಮಾಯ.’

‘ಕ್ಯಾನಿನ ಮೇಲೆ ಏನು ಬರೆದಿತ್ತು?’

‘ಬರಿ ಕ್ಯಾನ್ರಿ. ಚೀಟಿ ಇಲ್ಲ.’

‘ಕೈಗೆ ಗ್ಲೌಸ್?’

ಚೌಡೇಶ್ ಅವಳನ್ನೇ ನೋಡಿದ. ಆ ಪ್ರಶ್ನೆ ಅವನಿಗೆ ಅರ್ಥವಾಗದಂತೆ ಇತ್ತು. ‘ಬಟ್ಟಿ ತುಂಡು ಅದ್ದಿ ಉಜ್ಜೋದ್ರಿ. ಎಲ್ಲಾರೂ ಕುಂತು ಉಜ್ಜಿದ್ರು, ನಿನ್ನಿ ಮಧ್ಯಾಹ್ನದಿಂದ. ಧೂಳು ಬರಬಾರದು ಅಂತ ಶಟರ್ ಇಳಿಸಿದ್ವಿ.’

ಕುಡಿಯಬೇಕಾಗಿಯೇ ಇರಲಿಲ್ಲ. ಚರ್ಮದಿಂದ ಹೋಗಿತ್ತು, ಮುಚ್ಚಿದ ಹಾಲಿನ ಗಾಳಿಯಿಂದ ಹೋಗಿತ್ತು.

‘ಎಲ್ಲಾರೂ ಅಂದ್ರೆ ಯಾರ್ಯಾರು?’

‘ಈಕಿ, ಇನ್ನೆರಡು ಹೆಣ್ಮಕ್ಕಳು, ಒಬ್ಬ ಕಟಿಂಗ್ ಮಾಸ್ಟರ್. ಜಾಸ್ತಿ ಉಜ್ಜಿದ್ದು ಸಣ್ಣಕ್ಕ. ಆಕೀಗೆ ಮೆಷಿನ್ ಕೆಲಸ ಇಲ್ಲಲ್ಲ.’

ಶಿರಿಷಾ ರಿಜಿಸ್ಟರ್ ಎಳೆದುಕೊಂಡಳು. ಒಂಬತ್ತೂ ಇಪ್ಪತ್ತು. ಸಣ್ಣಕ್ಕ, ಡಿ. ಹಿರೇಹಾಳ್. ಎಂಬತ್ತಾರು, ‘ಜೆ’. ಚಂದ್ರಕಲಾ ಹಿಂದೆ ನಿಂತು ಓದಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದೂವರೆ.

‘ಸಣ್ಣಕ್ಕ ಈಗ ಎಲ್ಲವಳೆ?’ ಶಿರಿಷಾಳ ದನಿ ಏರಿತು. ‘ಮನೆಗೆ ಹೋದ್ಲಾ ಬೆಳಿಗ್ಗೆ?’

‘ಇಲ್ಲ ರೀ. ಇಲ್ಲಿಂದ ಸೀದಾ ಕೆಲಸಕ್ಕ ಬಂದ್ಳು. ಡಾಕ್ಟ್ರು ಏನೂ ಇಲ್ಲ ಅಂದ್ರು, ಒಪ್ಪತ್ತಿನ ಸುಸ್ತಂತ, ಅಂದ್ಳು. ಹನ್ನೆರಡರತನಕ ಉಜ್ಜಿದ್ಳು. ಆಮ್ಯಾಲ ಕಣ್ಣು ಎಳೀತಾವ ಅಂತಂದು ಬಸ್ಸಿಗೆ ಹೋದ್ಳು.’

‘ಫೋನ್ ನಂಬರ್ ಕೊಡಿ.’

‘ಆಕಿ ಹತ್ರ ಫೋನಿಲ್ಲ. ಗಂಡ ಎರ್ರಪ್ಪಂದು ಐತಿ.’

ಎರ್ರಪ್ಪನ ಫೋನ್ ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು, ನಿಂತಿತು. ಶಿರಿಷಾ ಅಷ್ಟರಲ್ಲಿ ಔಷಧಿ ಕೋಣೆಯ ಮೂರು ಡ್ರಾಯರ್ ತೆಗೆದು ಮುಚ್ಚಿದ್ದಳು. ಇದಕ್ಕೆ ಮದ್ದು ಒಂದೇ. ಮೆಥಿಲೀನ್ ಬ್ಲೂ, ಶಾಯಿಯಂಥ ನೀಲಿ ಇಂಜೆಕ್ಷನ್. ಅದು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಊರಿನ ನಾಲ್ಕು ಮೆಡಿಕಲ್ ಶಾಪಿಗೆ ಚಂದ್ರಕಲಾ ಫೋನ್ ಮಾಡಿದರು. ಒಬ್ಬ ಮೀನಿನ ತೊಟ್ಟಿಗೆ ಹಾಕುವುದು ಇದೆ, ನಡೆಯುತ್ತಾ ಎಂದು ಕೇಳಿದ. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಇದೆ ಎಂದು ಶಿರಿಷಾಳ ಜೊತೆ ಓದಿದವಳೊಬ್ಬಳು ಹೇಳಿದಳು. ಡ್ರಾಯರಿನಲ್ಲಿ ಸಿಕ್ಕಿದ್ದು ವಿಟಮಿನ್ ಸಿ ಇಂಜೆಕ್ಷನ್ ಆರು. ಅದು ಸ್ವಲ್ಪ ಕೆಲಸ ಮಾಡುತ್ತದೆ, ಬಹಳ ನಿಧಾನ. ಎರಡನ್ನು ಬನಶಂಕರಿಯ ಡ್ರಿಪ್ಪಿಗೆ ಹಾಕಿ ಉಳಿದ ನಾಲ್ಕನ್ನು ಜೇಬಿಗೆ ಹಾಕಿಕೊಂಡಳು.

ಬನಶಂಕರಿಯ ಮೈಮೇಲಿನ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಕೈಕಾಲು ತೊಳೆಸಿದಳು. ಸೀರೆಯನ್ನು ಹೊರಗೆ ಎಸೆಯಿರಿ ಎಂದಳು. ಚೌಡೇಶನಿಗೆ, ‘ಉಳಿದ ಮೂವರನ್ನ ಈಗಲೇ ಕರೆಸಿ, ನೀವೂ ಕೈ ತೊಳೀರಿ, ಕ್ಯಾನು ಮುಟ್ಟಬೇಡಿ, ಹಾಲು ತೆರೆದಿಡಿ,’ ಎಂದಳು.

‘ಲಾಟು ನಾಳೆ...’

‘ಲಾಟಿಗೆ ಬೆಂಕಿ ಬಿತ್ತು ಅನ್ಕೊಳ್ಳಿ.’

ಆಂಬುಲೆನ್ಸ್ ಡ್ರೈವರ್ ಶಿವಶಂಕರ್ ಊಟಕ್ಕೆ ಕೂತಿದ್ದ. ತಟ್ಟೆ ಬಿಟ್ಟು ಎದ್ದು ಬಂದ. ಶಿರಿಷಾ ತಾನೂ ಹತ್ತುವುದನ್ನು ನೋಡಿ ಚಂದ್ರಕಲಾ ಬಾಗಿಲು ಹಿಡಿದರು.

‘ನೀವು ಹೋದ್ರ ಇಲ್ಲಿ ಯಾರು ನೋಡ್ತಾರ? ಈ ಮೂರು ಜನ ಬರ್ತಾರ. ಸಾರ್ ಕೇಳಿದ್ರ ನಾನೇನು ಹೇಳ್ಲಿ?’

‘ಮೂವರಿಗೂ ಕಾಲಿನ ಬೆರಳಿಗೆ ಹಾಕಿ ನೋಡಿ. ತೊಂಬತ್ತರ ಕೆಳಗಿದ್ರೆ 108 ಕರೆದು ನನ್ನ ಹಿಂದೆ ಕಳಿಸಿ. ಸಾರ್‌ಗೆ ನಾನು ಹೇಳ್ತೀನಿ.’

‘ಬೆಳಿಗ್ಗೆ ನಾನು ಜೆ ಬರ್ದಿದ್ದಕ್ಕ...’ ಚಂದ್ರಕಲಾ ಶುರು ಮಾಡಿದರು.

‘ಬರೆದದ್ದು ನೀವು. ಕಳಿಸಿದ್ದು ನಾನು. ಬಾಗಿಲು ಬಿಡಿ.’

ಬಳ್ಳಾರಿ ದಾರಿ ಡಿ. ಹಿರೇಹಾಳಿನ ಮೇಲೆಯೇ ಹೋಗುತ್ತದೆ. ಶಿರಿಷಾ ಒಂದು ಕೈಯಲ್ಲಿ ಬನಶಂಕರಿಯ ನಾಡಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೂತಿದ್ದಳು. ಏಳನೆಯ ಸಲಕ್ಕೆ ಎರ್ರಪ್ಪ ಎತ್ತಿದ. ಗಡಿಯಾಚೆ ಎಲ್ಲೋ ಇಟ್ಟಿಗೆ ಕೆಲಸದಲ್ಲಿದ್ದ. ಹಿಂದೆ ಮೆಷಿನ್ ಸದ್ದು.

‘ಸಣ್ಣಕ್ಕ ಮನೆಗೆ ಬಂದಳಾ?’

‘ಯಾರ್ ನೀವು?’

‘ಬೆಳಿಗ್ಗೆ ನೋಡಿದ ಡಾಕ್ಟ್ರು.’

‘ಏನೂ ಇಲ್ಲ ಅಂದ್ರಂತಲ್ಲ. ಚೌಡೇಶಪ್ಪನ ಫೋನಿಂದ ಹೇಳಿದ್ಳು.’

‘ತಪ್ಪು ಹೇಳಿದೀನಿ. ಮೈಗೆ ವಿಷ ಏರೈತೆ. ಮನೆ ಹತ್ರ ಯಾರಾದ್ರೂ ಇದ್ರೆ ಓಡಿಸಿ ನೋಡ್ಸಿ. ಆಂಬುಲೆನ್ಸ್ ಬರ್ತಾ ಐತೆ.’

‘ಒಪ್ಪತ್ತಲ್ಲೇನ್ರಿ ಹಂಗಾರ?’ ಎಂದ ಎರ್ರಪ್ಪ.

‘ಅಲ್ಲ.’

ಹತ್ತು ನಿಮಿಷಕ್ಕೆ ಅವನೇ ಫೋನ್ ಮಾಡಿದ. ಪಕ್ಕದ ಮನೆಯ ಬೊಮ್ಮಕ್ಕ ಹೋಗಿ ನೋಡಿದ್ದಳು. ಮನೆಗೆ ಬೀಗ. ಬಸ್ಸು ಬಂದು ಅರ್ಧ ಗಂಟೆಯ ಮೇಲಾಗಿತ್ತು.

ಶಿವಶಂಕರ್ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಕುರಿ ಮಂದೆಯೊಂದು ರಸ್ತೆ ದಾಟುತ್ತಿತ್ತು, ಅವನು ತೆಲುಗಿನಲ್ಲಿ ಕುರಿಗಳಿಗೂ ಕಾಯುವವನಿಗೂ ಒಟ್ಟಿಗೆ ಬೈದ. ಬನಶಂಕರಿ ಕಣ್ಣು ಬಿಟ್ಟಳು.

‘ಎಲ್ಲಿಗ್ರಿ?’

‘ಬಳ್ಳಾರಿಗೆ.’

‘ನನ್ನ ಸೀರಿ?’

‘ಎಸೆದೆ.’

‘ಹೊಸದಿತ್ತು,’ ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು. ಮಾತಾಡಿದಳಲ್ಲ ಎಂದು ಶಿರಿಷಾಗೆ ಅಷ್ಟಕ್ಕೇ ಸಮಾಧಾನವಾಯಿತು. ಆ ಸಮಾಧಾನ ಒಂದು ಕಿಲೋಮೀಟರ್ ಕೂಡ ಉಳಿಯಲಿಲ್ಲ. ಇವಳು ಅರ್ಧ ದಿನ ಉಜ್ಜಿದವಳು. ಇನ್ನೊಬ್ಬಳು ಅದರ ಎರಡರಷ್ಟು ಉಜ್ಜಿದ್ದಳು. ನಡುವೆ ಆಸ್ಪತ್ರೆಗೆ ಬಂದು, ಏನೂ ಇಲ್ಲ ಎಂದು ಕೇಳಿಸಿಕೊಂಡು, ವಾಪಸ್ ಹೋಗಿ ಮತ್ತೆ ಉಜ್ಜಿದ್ದಳು.

ಡಿ. ಹಿರೇಹಾಳಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಣ್ಣಕ್ಕ ಒರಗಿ ಕೂತಿದ್ದಳು. ಮುಖದ ಮೇಲೆ ಸೆರಗು ಹೊದ್ದಿದ್ದಳು. ಪಕ್ಕದಲ್ಲಿ ಇಬ್ಬರು ಗಂಡಸರು ಬಸ್ಸಿಗೆ ಕಾಯುತ್ತಿದ್ದರು.

‘ಎಷ್ಟೊತ್ತಾಯ್ತು ಹಿಂಗೆ?’ ಶಿರಿಷಾ ಕೇಳಿದಳು.

‘ನಿದ್ದಿ ಮಾಡಾಕತ್ಯಾಳ್ರಿ,’ ಎಂದ ಒಬ್ಬ. ‘ಬಿಸಲು ಐತಲ್ಲ. ಎಬ್ಬಿಸೋದು ಯಾಕ ಅಂತ ಬಿಟ್ವಿ.’

ಸೆರಗು ಸರಿಸಿದಾಗ ಇಬ್ಬರೂ ಎದ್ದು ನಿಂತರು. ಮುಖ ಸ್ಲೇಟಿನ ಬಣ್ಣ. ನಾಡಿ ಇತ್ತು, ಎಳೆಯಷ್ಟು. ಕಾಲಿನ ಬೆರಳಿಗೆ ಕ್ಲಿಪ್ ಹಾಕಿದರೆ ಅಂಕಿಯೇ ಬರಲಿಲ್ಲ. ಆ ಇಬ್ಬರು ಮತ್ತು ಶಿವಶಂಕರ್ ಎತ್ತಿ ಒಳಗೆ ಮಲಗಿಸಿದರು. ಸೀರೆಯ ಮಡಿಲಲ್ಲಿ ಒಂದು ಜೀನ್ಸ್ ತುಂಡು, ಒದ್ದೆ, ಕೈ ಒರೆಸಿಕೊಳ್ಳಲು ಸಿಕ್ಕಿಸಿಕೊಂಡದ್ದು. ಬೂಟ್ ಪಾಲಿಶಿನ ವಾಸನೆ ಆಂಬುಲೆನ್ಸ್ ತುಂಬಾ ಹರಡಿತು. ಅದನ್ನು ಕಿತ್ತು ರಸ್ತೆಗೆ ಎಸೆದಳು.

ಸಿಲಿಂಡರ್ ಒಂದೇ ಇತ್ತು. ಮಾಸ್ಕನ್ನು ಬನಶಂಕರಿಯಿಂದ ತೆಗೆದು ಸಣ್ಣಕ್ಕನಿಗೆ ಹಾಕಿದಳು. ಎರಡು ನಿಮಿಷ ಬಿಟ್ಟು ವಾಪಸ್ ಹಾಕಿದಳು. ಮತ್ತೆ ತೆಗೆದಳು. ಆ ಆಕ್ಸಿಜನ್ನಿನಿಂದ ದೊಡ್ಡ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೈ ಸುಮ್ಮನಿರಲಿಲ್ಲ. ವಿಟಮಿನ್ ಸಿ ನಾಲ್ಕೂ ಸಣ್ಣಕ್ಕನ ನರಕ್ಕೆ ಹಾಕಿದಳು. ಬಳ್ಳಾರಿಗೆ ಫೋನ್ ಮಾಡಿ ಇಬ್ಬರು ಎಂದಳು, ಔಷಧಿ ಸಿರಿಂಜಿಗೆ ಎಳೆದಿಡಿ ಎಂದಳು.

‘ಸಣ್ಣಕ್ಕ. ಸಣ್ಣಕ್ಕ, ಕೇಳ್ತೈತಾ?’

ತುಟಿ ಅಲುಗಿತು. ಏನೋ ಹೇಳಿದಳು. ರಸ್ತೆಯ ಸದ್ದಿನಲ್ಲಿ ಶಿರಿಷಾಗೆ ಕೇಳಿಸಲಿಲ್ಲ. ಬಗ್ಗಿ ಕಿವಿ ಇಟ್ಟಾಗ ಮತ್ತೆ ಹೇಳಲಿಲ್ಲ.

ಮೂರೂ ಐದಕ್ಕೆ ಬಳ್ಳಾರಿ. ಬಾಗಿಲಲ್ಲೇ ಕಾಯುತ್ತಿದ್ದರು. ಎರಡು ಸಿರಿಂಜಿನಲ್ಲಿ ಕಡುನೀಲಿ ಔಷಧಿ. ಇಬ್ಬರಿಗೂ ಒಟ್ಟಿಗೆ ಕೊಟ್ಟರು. ಬನಶಂಕರಿಯ ಅಂಕಿ ಎಂಬತ್ನಾಲ್ಕರಿಂದ ಏರತೊಡಗಿತು. ಎಂಬತ್ತೊಂಬತ್ತು, ತೊಂಬತ್ಮೂರು. ಅರ್ಧ ಗಂಟೆಯಲ್ಲಿ ತುಟಿಗೆ ಬಣ್ಣ ಬಂತು, ನೀರು ಕೇಳಿದಳು. ಸಣ್ಣಕ್ಕನ ಹೃದಯ ಮೂರೂ ಇಪ್ಪತ್ತಕ್ಕೆ ನಿಂತಿತು. ನಲವತ್ತು ನಿಮಿಷ ಎದೆ ಒತ್ತಿದರು. ಸರದಿಯಲ್ಲಿ ಶಿರಿಷಾಳೂ ಒತ್ತಿದಳು. ಅಲ್ಲಿನ ಹಿರಿಯ ಡಾಕ್ಟರು ಸಾಕು ಎಂದಾಗ ಅವಳು ಇನ್ನೂ ಒತ್ತುತ್ತಿದ್ದಳು. ಅವರು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು.

ಎರ್ರಪ್ಪ ನಾಲ್ಕೂವರೆಗೆ ಬಂದ. ಇಟ್ಟಿಗೆ ಧೂಳಿನ ಮೈ. ಅಳಲಿಲ್ಲ. ಬಾಗಿಲ ಬಳಿಯೇ ನಿಂತು, ‘ನೀವೇನ್ರಿ ಬೆಳಿಗ್ಗಿ ಡಾಕ್ಟ್ರು?’ ಎಂದು ಕೇಳಿದ.

‘ಹೌದು.’

‘ಆಗಲೇ ಕಳಿಸಿದ್ರ ಉಳೀತಿದ್ಳೇನು?’

ಶಿರಿಷಾಗೆ ಹೇಳಲು ಬೇರೆ ಉತ್ತರಗಳೂ ಇದ್ದವು. ಕ್ಯಾನಿಗೆ ಚೀಟಿ ಇರಲಿಲ್ಲ. ಯಂತ್ರ ಎಲ್ಲ ಟೇಲರುಗಳಿಗೂ ಅದನ್ನೇ ತೋರಿಸುತ್ತದೆ. ಹಿರಿಯರು ಊರಲ್ಲಿರಲಿಲ್ಲ.

‘ಉಳೀತಿದ್ದಳು,’ ಎಂದಳು.

ಅವನು ತಲೆ ಆಡಿಸಿ ಒಳಗೆ ಹೋದ. ಪೊಲೀಸರ ಫಾರ್ಮಿನಲ್ಲಿ ರೋಗಿಯನ್ನು ಮೊದಲು ನೋಡಿದ ಸಮಯ ಬರೆಯುವ ಜಾಗವಿತ್ತು. ಬಳ್ಳಾರಿಯ ಡ್ಯೂಟಿ ಡಾಕ್ಟರ್ ಪೆನ್ನು ಹಿಡಿದು, ‘ಆಂಬುಲೆನ್ಸಿನಲ್ಲಿ ನೋಡಿದ್ದು ಅಂತ ಹಾಕ್ಲಾ?’ ಎಂದು ಮೆಲ್ಲಗೆ ಕೇಳಿದ. ಶಿರಿಷಾ ಪೆನ್ನು ಇಸಿದುಕೊಂಡು ತಾನೇ ಬರೆದಳು, ಬೆಳಿಗ್ಗೆಯದ್ದು.

ಉಳಿದ ಮೂವರು ಸಂಜೆ 108ರಲ್ಲಿ ಬಂದರು. ಒಬ್ಬರಿಗೆ ಎಂಬತ್ತೇಳು, ಇಬ್ಬರಿಗೆ ಎಂಬತ್ತೊಂಬತ್ತು. ಮೂವರಿಗೂ ಔಷಧಿ ಸಿಕ್ಕಿತು, ಬನಶಂಕರಿಗೆ ಮರುದಿನ ಇನ್ನೊಂದು ಸಲ ಕೊಡಬೇಕಾಯಿತು. ಗುರುವಾರ ನಾಲ್ವರೂ ಮನೆಗೆ ಹೋದರು. ಕಲೆ ಉಜ್ಜಿದವರು ಐದು ಜನ. ಹೋದದ್ದು ಒಂದು ಜೀವ, ಅದಕ್ಕೆ ಮುಂಚೆ, ಒಂಬತ್ತೂ ಇಪ್ಪತ್ತರ ‘ಜೆ’ಯಿಂದ ರಿಜಿಸ್ಟರ್ ಎಳೆದುಕೊಂಡ ಒಂದೂವರೆಯವರೆಗೆ, ನಾಲ್ಕು ಗಂಟೆ ಹತ್ತು ನಿಮಿಷ.